ಸೂಜಿಯ ಕಾಯಕ



12ನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರೊಬ್ಬರು ಇದ್ದರು. ಹೊಲಿಯುವುದು ಅವರ ಕಾಯಕ. ಕದಿರೆ ರೆಮ್ಮವ್ವೆ ನೂಲುತ್ತಿದ್ದರು. ಮುದನೂರಿನ ಜೇಡರ ದಾಸಿಮಯ್ಯ ನೇಯುತ್ತಿದ್ದರು. ಇಂಥ ಪರಂಪರೆಯವರು ನಾವು; ಆದರೂ ಅಂಗಿಯ ಗುಂಡಿ ಬಿದ್ದರೆ ನಮ್ಮ ಗಂಡುಮಕ್ಕಳು ಇಂದಿಗೂ ಅವ್ವನನ್ನೋ ಹೆಂಡತಿಯನ್ನೋ ಕೂಗುತ್ತಾರೆ. ರಾಮಿತಂದೆ ಗಂಡಸೆಂಬುದು ಅವರಿಗೆ ನೆನಪಾಗಬೇಕು.

ನಮ್ಮ ಮಠದ ಪಡಸಾಲೆಯಲ್ಲಿ ಹೊಲಿಗೆಯ ಕೂಟ ಶುರುವಾದಾಗ ಕೆಲವರು ಕೇಳಿದರು: ಮನೆಯಲ್ಲೇ ಹೊಲಿದುಕೊಳ್ಳಬಹುದಲ್ಲ, ಇಲ್ಲಿಗೇಕೆ ಬರಬೇಕು?

ಉತ್ತರ ಬೇಕೆಂದರೆ ಕೌದಿ ಹೊಲಿಯುವವರನ್ನು ನೋಡಿ. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಮೇಲೆ ಕುಬಸದ ತುಂಡು, ಧೋತರದ ಅಂಚು, ಕೂಸಿನ ಅಂಗಿಯ ಚೂರು ಜೋಡಿಸಿ, ಅಂಚಿನಿಂದ ಒಳಮುಖವಾಗಿ ಟಾಕಾ ಹಾಕುತ್ತ ಬರುತ್ತಾರೆ. ನಾಲ್ಕು ಮಗ್ಗುಲಿಗೆ ನಾಲ್ವರು ಕೂತಿರುವಾಗ ಒಬ್ಬಾಕೆ ದಾರ ಬಿಗಿದೆಳೆದರೆ ಪಕ್ಕದವಳ ಮುಂದಿನ ಬಟ್ಟೆ ಸುಕ್ಕುಗಟ್ಟುತ್ತದೆ. ‘ಸಡ್ಲ ಬಿಡ ಯವ್ವಾ’ ಎನ್ನುತ್ತಾಳೆ ಆಕೆ. ಈ ಕೈಯ ಬಿಗಿ ಆ ಕೈಗೆ ತಾಕುತ್ತದೆಂಬುದು ಒಬ್ಬರೇ ಕೂತು ಹೊಲಿಯುವವರಿಗೆ ಎಂದೂ ತಿಳಿಯುವುದಿಲ್ಲ. ತೇಪೆ ಹಾಕುವುದೂ ಹಾಗೆ. ಹರಿದ ಬಾಯಿಗೇ ಟಾಕಾ ಹಾಕಿದರೆ ಸವೆದ ಎಳೆ ಮತ್ತೆ ಬಿಟ್ಟುಕೊಳ್ಳುತ್ತದೆ. ಗಟ್ಟಿ ಬಟ್ಟೆ ಸಿಗುವವರೆಗೆ ನಾಲ್ಕು ಬೆರಳು ಆಚೆ ಹೋಗಿ ಅಲ್ಲಿಂದ ಹಿಡಿಯಬೇಕು. ಬಲ್ಲವರು ನಮ್ಮ ಬೆರಳನ್ನು ಹಿಡಿದು ಆ ಬಟ್ಟೆಯ ಮೇಲೆ ಆಡಿಸಿದಾಗ ಎಲ್ಲಿ ಸವೆದಿದೆ, ಎಲ್ಲಿ ಗಟ್ಟಿ ಇದೆ ಎಂಬುದು ಗೊತ್ತಾಗುತ್ತದೆ.

ಇನ್ನೊಂದು ಮಾತು, ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಹರಿದ ಬಟ್ಟೆಯನ್ನು ನಾಲ್ಕು ಜನರ ಮುಂದೆ ಬಿಚ್ಚಿಡುವುದು ಸುಲಭವಲ್ಲ. ಬಡತನ ಬಯಲಾಗುತ್ತದೆಂಬ ಅಳುಕು ಒಬ್ಬರಿಗೆ, ‘ನಮ್ಮಂಥವರು ತೇಪೆ ಹಾಕುವುದೇ?’ ಎಂಬ ಬಿಗುಮಾನ ಇನ್ನೊಬ್ಬರಿಗೆ. ಒಂದೇ ಜಮಖಾನದ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಾಗ ಎರಡೂ ಕರಗುವುದನ್ನು ನಾನು ಕಂಡಿದ್ದೇನೆ. ದೊಡ್ಡ ಮನೆಯ ಸೊಸೆಗೆ ಕೂಲಿಯ ತಾಯಿ ಟಾಕಾ ಕಲಿಸುವಾಗ ಗುರು ಯಾರು, ಶಿಷ್ಯೆ ಯಾರು? ಶರಣರು ಒಟ್ಟಿಗೆ ಕೂಡುತ್ತಿದ್ದ ಅನುಭವ ಮಂಟಪ ಇದಕ್ಕಿಂತ ಬೇರೆ ಇತ್ತೆಂದು ನನಗನಿಸುವುದಿಲ್ಲ.

ಶರಣ ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆ ಗೊತ್ತು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅವರ ಹೆಂಡತಿ ಲಕ್ಕಮ್ಮ ಅಗತ್ಯಕ್ಕಿಂತ ಹೆಚ್ಚು ಬೇಡವೆಂದು ಅದನ್ನು ಮರಳಿ ಅಲ್ಲಿಯೇ ಸುರಿದು ಬರಲು ಕಳಿಸಿದರು. ಈಗ ನಮ್ಮ ಕಪಾಟು ತೆರೆಯೋಣ. ಒಂದು ಹತ್ತಿ ಅಂಗಿ ತಯಾರಾಗಲು ಅಂದಾಜು 2,700 ಲೀಟರ್ ನೀರು ಬೇಕೆನ್ನುತ್ತಾರೆ. ನಮ್ಮ ಎರೆಭೂಮಿಯ ರೈತ ಹತ್ತಿ ಬಿತ್ತಿ ಮುಗಿಲು ನೋಡುತ್ತಿರುವಾಗ, ಮೊಣಕೈ ಸವೆಯಿತೆಂದು ಅಂಗಿ ಎಸೆಯುವುದು ಆ ನೀರಿಗೂ ಆ ಬೆವರಿಗೂ ಮಾಡುವ ಅಪಚಾರ. ಲಕ್ಕಮ್ಮನವರು ನಮ್ಮ ಕಪಾಟಿನೆದುರು ನಿಂತರೆ ಏನೆಲ್ಲ ಹೊರಗಿಡಿಸುತ್ತಿದ್ದರು!

ಸೋಮವಾರ ಪ್ರಸಾದವಾದ ಮೇಲೆ ಪಡಸಾಲೆಯಲ್ಲಿ ಜಮಖಾನ ಹಾಸಿರುತ್ತದೆ. ಸೂಜಿ, ದಾರ, ಕತ್ತರಿ ಇಲ್ಲೇ ಇವೆ. ಬಟ್ಟೆಯನ್ನು ಒಗೆದು ತನ್ನಿ. ತೇಪೆಗೆ ಹೊಸ ಬಟ್ಟೆಯಾದರೆ ಅದನ್ನೂ ಒಮ್ಮೆ ಒಗೆಯಿರಿ, ಇಲ್ಲವಾದರೆ ಆಮೇಲೆ ಕುಗ್ಗಿ ಹಳೆಯದನ್ನು ಜಗ್ಗುತ್ತದೆ. ಕಣ್ಣು ಮಂದವಾದ ಹಿರಿಯರು ಹಿಂಜರಿಯಬೇಡಿ, ಸೂಜಿಗೆ ದಾರ ಪೋಣಿಸಿಕೊಡಲು ಶಾಲೆಯ ಮಕ್ಕಳು ಇರುತ್ತಾರೆ. ನಿಮ್ಮ ಕೈ ಬಲ್ಲದ್ದು ಆ ಮಕ್ಕಳಿಗೆ ಬೇಕಾಗಿದೆ. ಗಂಡುಮಕ್ಕಳೇ, ನಿಮಗೂ ಜಾಗ ಬಿಟ್ಟಿರುತ್ತೇವೆ.