ಹೊಳೆ ದಾಟಿಸಿದ ಅಂಬಿಗ

ಇಂಗ್ಲೆಂಡಿನ ಕಾಲ್ಚೆಂಡಾಟದ ಅಭಿಮಾನಿಗಳಲ್ಲಿ ಒಂದು ಮಾತು ಬಹಳ ಬಳಕೆಯಲ್ಲಿದೆ. ತಮ್ಮ ಕ್ಲಬ್ಬಿನ ಮ್ಯಾನೇಜರನ್ನು ಕುರಿತು, "ಆತ ತನ್ನ ಕೈಲಾದಷ್ಟು ದೂರ ನಮ್ಮನ್ನು ಕರೆತಂದಿದ್ದಾನೆ, ಇನ್ನು ಮುಂದಕ್ಕೆ ಒಯ್ಯಲಾರ" ಎನ್ನುತ್ತಾರೆ. ಕೇಳಲು ಎಷ್ಟು ಸೌಮ್ಯವಾದ ಮಾತು! ಬೈಗುಳವಿಲ್ಲ, ಕೃತಘ್ನತೆಯೆಂದು ಬೆರಳೆತ್ತಿ ತೋರಿಸುವಂತಿಲ್ಲ, ಅರ್ಧಕ್ಕರ್ಧ ಹೊಗಳಿಕೆಯೇ ಆಗಿದೆ. ಬೈಗುಳಕ್ಕಾದರೆ ಎದುರುತ್ತರ ಕೊಡಬಹುದು. ಇಂಥ ಮಾತಿಗೆ ಕೊಡುವುದು ಕಷ್ಟ. "ಇಲ್ಲ, ಮುಂದಕ್ಕೂ ಒಯ್ಯಬಲ್ಲೆ" ಎಂದು ಮ್ಯಾನೇಜರು ಹೇಗೆ ತಾನೆ ತೋರಿಸಿಕೊಟ್ಟಾನು? ಒಯ್ದು ತೋರಿಸಬೇಕು, ಒಯ್ಯುವಷ್ಟರಲ್ಲಿ ಕೆಲಸ ಹೋಗಿರುತ್ತದೆ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಈ ಆಟದ ವಿಷಯದಲ್ಲಿ ನನಗಿರುವ ಅಧಿಕಾರವೆಲ್ಲ ಶನಿವಾರದ ರಾತ್ರಿಗಳಲ್ಲಿ ಟೆಲಿವಿಷನ್ನಿನ ಮುಂದೆ ಕುಳಿತು ಸಂಪಾದಿಸಿದ್ದು. ಆದರೆ ಈ ಮಾತಿನೊಳಗೆ ಅಡಗಿರುವ ಪ್ರಶ್ನೆ ಆಟದ ಅಂಗಳದಲ್ಲೇ ಮುಗಿಯುವಂಥದಲ್ಲ. ಒಬ್ಬನ ಮಿತಿಯನ್ನು ಇನ್ನೊಬ್ಬ ಅರಿಯುವುದು ಹೇಗೆ? ಅರಿತನೆಂದೇ ಇಟ್ಟುಕೊಳ್ಳೋಣ, ಇಲ್ಲಿಯತನಕ ಕರೆತಂದವನಿಗೆ ನಾವು ಸಲ್ಲಿಸಬೇಕಾದದ್ದು ಏನಾದರೂ ಉಂಟೆ?

ಮಾತನ್ನು ಗಾಳಿಗೆ ಬಿಡದೆ ಒಂದು ಊರಿಗೆ ಕಟ್ಟೋಣ. ಲಂಡನ್ ನಗರದ ಆಗ್ನೇಯ ಭಾಗದಲ್ಲಿ ಚಾರ್ಲ್ಟನ್ ಅಥ್ಲೆಟಿಕ್ ಎಂಬ ಕ್ಲಬ್ಬಿದೆ. 1985ರಲ್ಲಿ ಅದು ತನ್ನ ಮನೆಯನ್ನೇ ಬಿಟ್ಟು ಹೊರಡಬೇಕಾಯಿತು. 'ದಿ ವ್ಯಾಲಿ' ಎಂಬ ಅದರ ಮೈದಾನ ಪಾಳುಬಿದ್ದಿತು. ತಂಡ ನೆರೆಯ ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ಬಿನ ಅಂಗಳದಲ್ಲಿ ಆಡತೊಡಗಿತು. ಸ್ವಂತ ಮನೆ ಹೋಗಿ ನೆಂಟರ ಜಗುಲಿಯಲ್ಲಿ ಮಲಗುವವರ ಪಾಡು. ಅಭಿಮಾನಿಗಳು ಕೈಕಟ್ಟಿ ಕೂಡಲಿಲ್ಲ. 1989ರಲ್ಲಿ ತಾವೇ ಹೋಗಿ, ಮೆಟ್ಟಿಲುಗಳ ಸಂದಿಯಲ್ಲಿ ಬೆಳೆದಿದ್ದ ಗಿಡಗಂಟೆಗಳನ್ನು ಕಿತ್ತು, ಕಸವನ್ನು ಗುಡ್ಡೆ ಹಾಕಿ ಸುಟ್ಟರು. ಮೈದಾನವನ್ನು ಮತ್ತೆ ಕಟ್ಟುವ ಯೋಜನೆಯನ್ನು ಗ್ರಿನಿಚ್ ಪುರಸಭೆ ತಳ್ಳಿಹಾಕಿದಾಗ, 1990ರ ಪುರಸಭಾ ಚುನಾವಣೆಯಲ್ಲಿ 'ವ್ಯಾಲಿ ಪಾರ್ಟಿ' ಎಂದು ಒಂದು ಪಕ್ಷವನ್ನೇ ಕಟ್ಟಿ ನಿಂತರು. ಒಂದು ಸ್ಥಾನವೂ ಸಿಗಲಿಲ್ಲ. 14,838 ಮತಗಳು ಮಾತ್ರ ಸಿಕ್ಕಿದುವು. ಮುಂದಿನ ವರ್ಷ ಅದೇ ಪುರಸಭೆ ಅನುಮತಿ ಕೊಟ್ಟಿತು. ದೇವಸ್ಥಾನಕ್ಕಾಗಿ, ಕೆರೆಗಾಗಿ ಜನ ಒಂದಾದುದನ್ನು ನಾವು ಕೇಳಿದ್ದೇವೆ. ಆಟದ ಬಯಲಿಗಾಗಿ ಮತ ಕೇಳಿದವರು ಅಪರೂಪ.

ಅಲನ್ ಕರ್ಬಿಷ್ಲಿ ಎಂಬುವರು ಈ ತಂಡದ ಹೊಣೆ ಹೊತ್ತುದು 1991ರಲ್ಲಿ. ಆಗ ಅವರಿಗೆ ಮೂವತ್ತಮೂರು ವರ್ಷ. ಮೊದಲು ಸ್ಟೀವ್ ಗ್ರಿಟ್ ಎಂಬುವರೊಡನೆ ಜಂಟಿಯಾಗಿ, 1995ರಿಂದ ಒಬ್ಬರೇ. ಕೈಯಲ್ಲಿ ಕಾಸಿಲ್ಲ, ಕಾಲಿಗೆ ನೆಲವಿಲ್ಲ. 1992ರ ಡಿಸೆಂಬರ್ 5ರಂದು ತಂಡ ತನ್ನ ವ್ಯಾಲಿಗೆ ಮರಳಿ ಬಂದಿತು. 1998ರ ಮೇ ತಿಂಗಳಲ್ಲಿ ವೆಂಬ್ಲಿಯ ಅಂಗಳದಲ್ಲಿ ಸಂಡರ್‌ಲೆಂಡ್ ತಂಡದೊಡನೆ 4-4ರ ಸಮದಲ್ಲಿ ನಿಂತು, ಕೊನೆಗೆ ಪೆನಾಲ್ಟಿಗಳಲ್ಲಿ 7-6ರಿಂದ ಗೆದ್ದು ಪ್ರೀಮಿಯರ್ ಲೀಗಿಗೆ ಏರಿತು. ಮರುವರ್ಷವೇ ಇಳಿಯಿತು. ಇಳಿದ ವರ್ಷ ಆಡಳಿತದವರು ಮ್ಯಾನೇಜರನ್ನು ತೆಗೆಯಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಆ ನಾಡಿನಲ್ಲಿ ಅದು ಸಣ್ಣ ಸಂಗತಿಯಲ್ಲ. 2000ದಲ್ಲಿ ತಂಡ ಎರಡನೆಯ ದರ್ಜೆಗೇ ಮೊದಲಿಗನಾಗಿ ಮತ್ತೆ ಮೇಲೇರಿತು. ಅಲ್ಲಿಂದ ಮುಂದಿನ ಆರು ವರ್ಷಗಳಲ್ಲಿ, ಇಪ್ಪತ್ತು ತಂಡಗಳ ನಡುವೆ ಅದು ಪಡೆದ ಸ್ಥಾನಗಳು: 9, 14, 12, 7, 11, 13.

ಈ ಆರು ಅಂಕಿಗಳನ್ನು 1991ರ ಅಭಿಮಾನಿಯೊಬ್ಬನ ಮುಂದಿಟ್ಟಿದ್ದರೆ ಹಾಸ್ಯಮಾಡುತ್ತಿದ್ದಾರೆಂದು ಸಿಟ್ಟಾಗುತ್ತಿದ್ದನು. 2006ರಲ್ಲಿ ಅದೇ ಅಭಿಮಾನಿ ಅದೇ ಅಂಕಿಗಳನ್ನು ನೋಡಿ ಆಕಳಿಸಿದನು. ಮಾರ್ಚ್ ತಿಂಗಳು ಬಂತೆಂದರೆ ತಂಡ ಸೊರಗುತ್ತದೆ, ಇಳಿಯುವ ಭಯ ನೀಗಿದೊಡನೆ ಆಟಗಾರರ ಕಾಲಿನ ಕಸುವೂ ನೀಗುತ್ತದೆ, ಪ್ರತಿ ವರ್ಷವೂ ಇದೇ ಕಥೆ ಎಂಬ ಗೊಣಗಾಟ. ಗೊಣಗಾಟದಲ್ಲಿ ಸತ್ಯವಿರಲಿಲ್ಲವೆಂದಲ್ಲ. 2004ರ ಜನವರಿಯಲ್ಲಿ ತಂಡ ನಾಲ್ಕನೆಯ ಸ್ಥಾನದಲ್ಲಿದ್ದಾಗ, ಸ್ಕಾಟ್ ಪಾರ್ಕರ್ ಎಂಬ ಅತ್ಯುತ್ತಮ ಆಟಗಾರನನ್ನು ಚೆಲ್ಸಿ ಕ್ಲಬ್ಬು ಹತ್ತು ಮಿಲಿಯನ್ ಪೌಂಡಿಗೆ ಕೊಂಡೊಯ್ದಿತು. ತಂಡ ಏಳನೆಯದಾಗಿ ಮುಗಿಸಿತು. ಇದು ಮ್ಯಾನೇಜರ ಮಿತಿಯೋ, ಹಣದ ಥೈಲಿಯ ಮಿತಿಯೋ? ಗೊಣಗುವವರು ಈ ಎರಡನ್ನು ಬೇರೆಬೇರೆ ತೂಗಿ ನೋಡಿದಂತೆ ಕಾಣುವುದಿಲ್ಲ.

"ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?" ಎಂಬ ನಮ್ಮ ಗಾದೆಯನ್ನು ವಾಚಕರು ಇಷ್ಟರಲ್ಲೇ ನೆನೆದುಕೊಂಡಿರಬಹುದು. ಅಭಿಮಾನಿಗಳ ಪರವಾಗಿ ಎರಡು ಮಾತು ಹೇಳದೆ ಗಾದೆಯಿಂದ ಅವರನ್ನು ಬಡಿಯುವುದು ನ್ಯಾಯವಲ್ಲ. ಅವರು ಹೇಳುವುದನ್ನು ಸರಿಯಾಗಿ ಕೇಳಿದರೆ ಹೀಗಿದೆ: ಅಂಬಿಗ ಒಳ್ಳೆಯವನು, ಹೊಳೆ ದಾಟಿಸಿದನು, ನಿಜ. ಈಗ ನಮ್ಮೆದುರಿಗಿರುವುದು ಬೆಟ್ಟ. ಬೆಟ್ಟ ಹತ್ತಲು ಹುಟ್ಟು ಹಾಕುವವನ ಕೈ ಉಪಯೋಗಕ್ಕೆ ಬಂದೀತೆ? ಇದು ತೆಗೆದುಹಾಕುವಂಥ ವಾದವಲ್ಲ. ಅಕ್ಷರಾಭ್ಯಾಸ ಮಾಡಿಸಿದ ಮೇಷ್ಟರೇ ಎಂ. ಎ. ತರಗತಿಗೂ ಪಾಠ ಹೇಳಬೇಕೆಂದು ಯಾರೂ ಕೇಳುವುದಿಲ್ಲ. ಅಲ್ಲದೆ ಚಾರ್ಲ್ಟನ್ನಿನ ಅಭಿಮಾನಿಯ ಹಕ್ಕು ಬರಿಯ ಟಿಕೆಟ್ಟಿನ ಹಕ್ಕಲ್ಲ. ಮೈದಾನದ ಕಳೆ ಕಿತ್ತವನು ಅವನು. ದೋಣಿಯ ತೂತುಗಳನ್ನು ಮುಚ್ಚಿದವರಲ್ಲಿ ಅವನೂ ಒಬ್ಬನಾಗಿರುವಾಗ, ಅಂಬಿಗನ ವಿಷಯದಲ್ಲಿ ಮಾತಾಡಬೇಡವೆಂದು ಅವನ ಬಾಯಿ ಮುಚ್ಚಿಸುವುದು ಹೇಗೆ?

ನನಗೆ ತೊಡಕಾಗಿ ಕಾಣುವುದು ಬೇರೆ. ಮೇಷ್ಟರಿಗೆ ಎಷ್ಟು ಬರುತ್ತದೆಂಬುದನ್ನು ಪರೀಕ್ಷಿಸಬಹುದು. ಮ್ಯಾನೇಜರ ಮಿತಿಯನ್ನು ಪರೀಕ್ಷಿಸುವ ಬಗೆ ಯಾವುದು? ಲೀಗಿನ ಏಣಿಯಲ್ಲಿ ಮೆಟ್ಟಿಲುಗಳು ಇಪ್ಪತ್ತೇ; ಪ್ರತಿ ವರ್ಷ ಮೂವರು ಉರುಳಲೇಬೇಕು. ಒಬ್ಬರು ಮೇಲೇರಿದರೆಂದರೆ ಇನ್ನೊಬ್ಬರು ಜಾಗ ಬಿಟ್ಟರೆಂದೇ ಅರ್ಥ. 'ಮುಂದಕ್ಕೆ' ಎಂಬುದು ಖಾಲಿ ಬಿದ್ದಿರುವ ರಸ್ತೆಯಲ್ಲ. ತಮಗಿಂತ ಸಿರಿವಂತರು ಕಾಲೂರಿ ನಿಂತಿರುವ ಜಾಗ. ಕೂಪರ್ ಮತ್ತು ಸಿಮನ್ಸ್ಕಿ ಎಂಬಿಬ್ಬರು ಲೇಖಕರು ಇಂಗ್ಲೆಂಡಿನ ಕ್ಲಬ್ಬುಗಳ ಲೆಕ್ಕಪತ್ರಗಳನ್ನು ಜಾಲಾಡಿ, ಹಲವು ವರ್ಷಗಳ ಸರಾಸರಿಯಲ್ಲಿ ನೋಡಿದರೆ ಆಟಗಾರರಿಗೆ ಕೊಡುವ ಸಂಬಳದ ಮೊತ್ತವೇ ತಂಡದ ಸ್ಥಾನವನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆಂದು 2009ರಲ್ಲಿ ಬರೆದರು. ಹಾಗಿದ್ದರೆ ಮ್ಯಾನೇಜರ ಕೈಯಲ್ಲಿ ಉಳಿಯುವುದು ಸ್ವಲ್ಪವೇ. ಆ ಸ್ವಲ್ಪವನ್ನು ಕುರಿತು ನಡೆಯುವ ಜಗಳ ಮಾತ್ರ ಬೆಟ್ಟದಷ್ಟು.

ಮಹಾಭಾರತದ ಯುದ್ಧವನ್ನು ತರಗತಿಯಲ್ಲಿ ಓದಿಸುವಾಗಲೆಲ್ಲ ನನಗೆ ದುರ್ಯೋಧನನ ವಿಷಯದಲ್ಲಿ ಒಂದು ಮರುಕ ಹುಟ್ಟುತ್ತದೆ. ಭೀಷ್ಮನು ಸೇನಾಪತಿಯಾಗಿದ್ದ ಹತ್ತು ದಿನವೂ ಕರ್ಣ ಆಯುಧ ಹಿಡಿಯದೆ ಪಾಳೆಯದಲ್ಲಿ ಉಳಿದಿದ್ದನು. ಭೀಷ್ಮನ ಬಾಣಗಳಿಂದ ದಿನಕ್ಕೆಷ್ಟು ಸೈನ್ಯ ಬಿದ್ದರೂ ದುರ್ಯೋಧನನಿಗೆ ಸಮಾಧಾನವಿಲ್ಲ. ಮುದುಕನಿಗೆ ಪಾಂಡವರ ಮೇಲೆ ಮಮತೆ, ಮನಸ್ಸಿಟ್ಟು ಕಾದುತ್ತಿಲ್ಲ, ಕರ್ಣನಿದ್ದಿದ್ದರೆ! ಎಂಬ ಕೊರಗು. ಕರ್ಣ ಹೊರಗಿದ್ದಷ್ಟು ದಿನ ಆ ಆಸೆಗೆ ಒಂದು ಗೀರೂ ಬೀಳಲಿಲ್ಲ. ಆತ ಸೇನಾಪತಿಯಾಗಿ ಉಳಿದದ್ದು ಎರಡೇ ದಿನ. ಶಲ್ಯನಿಗೆ ಅಷ್ಟೂ ಆಗಲಿಲ್ಲ. ಅತ್ತ ಪಾಂಡವರ ಪಾಳೆಯದಲ್ಲಿ ಹದಿನೆಂಟು ದಿನವೂ ಧೃಷ್ಟದ್ಯುಮ್ನನೊಬ್ಬನೇ. ಕೌರವರು ಬದಲಾಯಿಸಿದ್ದು ಬೇಸರದಿಂದಲ್ಲ, ಸೇನಾಪತಿಗಳು ಒಬ್ಬರಾದ ಮೇಲೊಬ್ಬರು ಬಿದ್ದುದರಿಂದ. ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಆದರೂ ಪಾಳೆಯದಲ್ಲಿ ಕುಳಿತ ಕರ್ಣನನ್ನು ಕಾಲ್ಚೆಂಡಿನ ಜಗತ್ತಿನಲ್ಲಿ ಎಲ್ಲಿ ನೋಡಿದರಲ್ಲಿ ಕಾಣಬಹುದು. ಇನ್ನೂ ನೇಮಕವಾಗದ ಮ್ಯಾನೇಜರು ಒಂದು ಪಂದ್ಯವನ್ನೂ ಸೋತವನಲ್ಲ. ಆರ್ಸೆನಲ್ ಕ್ಲಬ್ಬನ್ನು 1996ರಿಂದ ಇಪ್ಪತ್ತೆರಡು ವರ್ಷ ನಡೆಸಿದ, 2003-04ರಲ್ಲಿ ಇಡೀ ಲೀಗನ್ನು ಸೋಲಿಲ್ಲದೆ ಮುಗಿಸಿದ ಆರ್ಸೆನ್ ವೆಂಗರ್ ಅವರ ತಲೆಯ ಮೇಲೆ 2017ರ ಮಾರ್ಚಿಯಲ್ಲಿ, ಪಂದ್ಯ ನಡೆಯುತ್ತಿರುವಾಗಲೇ, ಎರಡು ವಿಮಾನಗಳು ಹಾರಿದುವು. ಒಂದರ ಬಾಲದ ಬಟ್ಟೆಯಲ್ಲಿ ಅವರು ಹೋಗಲಿ ಎಂದಿತ್ತು. ಇನ್ನೊಂದರದರಲ್ಲಿ ಇರಲಿ ಎಂದಿತ್ತು. ವಾದವನ್ನು ನೆಲದ ಮೇಲೆ ಮುಗಿಸಲಾರದವರು ಆಕಾಶಕ್ಕೆ ಒಯ್ದರು!

ಬದಲಾವಣೆಯೇ ತಪ್ಪೆಂದು ಹೇಳಹೊರಟರೆ ಸೌತಾಂಪ್ಟನ್ ಅಡ್ಡ ಬರುತ್ತದೆ. ನೈಜೆಲ್ ಆಡ್ಕಿನ್ಸ್ ಎಂಬುವರು ಆ ಕ್ಲಬ್ಬನ್ನು 2011 ಮತ್ತು 2012ರಲ್ಲಿ ಎರಡು ದರ್ಜೆ ಮೇಲೆತ್ತಿ ಪ್ರೀಮಿಯರ್ ಲೀಗಿಗೆ ಮುಟ್ಟಿಸಿದರು. 2013ರ ಜನವರಿಯಲ್ಲಿ ಅವರನ್ನು ತೆಗೆದು, ಆ ನಾಡಿನ ಜನ ಹೆಚ್ಚು ಕೇಳರಿಯದ ಮಾರಿಸಿಯೊ ಪೊಚೆಟಿನೊ ಅವರನ್ನು ತಂದರು. ಎಂಥ ಅನ್ಯಾಯವೆಂದು ಕೂಗೆದ್ದಿತು. ಅದು ಅನ್ಯಾಯವೇ ಆಗಿತ್ತು. ಮುಂದಿನ ಪೂರ್ಣ ವರ್ಷದಲ್ಲಿ ತಂಡ ಎಂಟನೆಯ ಸ್ಥಾನಕ್ಕೇರಿತು. ಅನ್ಯಾಯ ಫಲ ಕೊಟ್ಟಿತು. ನೀತಿಯ ವಿಷಯ ಬರೆಯುವವರಿಗೆ ಇದಕ್ಕಿಂತ ಇರಿಸುಮುರಿಸಿನ ಸಂಗತಿ ಇನ್ನೊಂದಿಲ್ಲ.

ಇತ್ತ ಚಾರ್ಲ್ಟನ್ನಿನಲ್ಲಿ ಕರ್ಬಿಷ್ಲಿಯವರನ್ನು ಯಾರೂ ಕತ್ತು ಹಿಡಿದು ಅಟ್ಟಲಿಲ್ಲ. ಒಪ್ಪಂದದಲ್ಲಿ ಒಂದು ವರ್ಷ ಉಳಿದಿದ್ದಾಗ, ಮುಂದಿನ ಮಾತು ಕೂಡಿಬಾರದೆ, 2006ರ ಮೇ ತಿಂಗಳಲ್ಲಿ ಹದಿನೈದು ವರ್ಷದ ಕೆಲಸ ಮುಗಿಸಿ ಹೊರಟರು. ಇಯಾನ್ ಡೌವಿ ಬಂದರು. ಹನ್ನೆರಡು ಲೀಗ್ ಪಂದ್ಯಗಳಾಗುವಷ್ಟರಲ್ಲಿ ಹೋದರು. ಲೆಸ್ ರೀಡ್ ಬಂದರು. ಕ್ರಿಸ್ಮಸ್ಸಿನ ಹಿಂದಿನ ದಿನ ಅವರೂ ಹೋದರು. ಅಲನ್ ಪಾರ್ಡ್ಯೂ ಬಂದರು. 2007ರ ಮೇಯಲ್ಲಿ ತಂಡ ಹತ್ತೊಂಬತ್ತನೆಯದಾಗಿ ಕೆಳಗಿಳಿಯಿತು. 2009ರಲ್ಲಿ ಮೂರನೆಯ ದರ್ಜೆಗೆ ಜಾರಿತು. ಆ ಬಳಿಕ ಏರಿದ್ದುಂಟು, ಮತ್ತೆ ಬಿದ್ದದ್ದುಂಟು. 2025ರಲ್ಲಿ ಮೂರನೆಯ ದರ್ಜೆಯಿಂದ ಎರಡನೆಯದಕ್ಕೆ ಇನ್ನೊಮ್ಮೆ ಏರಿತು.

ಅಂಬಿಗನನ್ನು ಬಿಟ್ಟುದಕ್ಕೇ ಮುಳುಗಿದರೆಂದು ಹೇಳಲು ನಾಲಗೆ ತುರಿಸುತ್ತದೆ. ನಾನು ಹೇಳಲಾರೆ. ಆತ ಇನ್ನೊಂದು ವರ್ಷ ಇದ್ದಿದ್ದರೆ ಏನಾಗುತ್ತಿತ್ತೆಂಬುದು ಅಭಿಮಾನಿಗಳಿಗೆ ಹೇಗೆ ತಿಳಿಯದೋ ಹಾಗೆಯೇ ನನಗೂ ತಿಳಿಯದು. "ಇನ್ನು ಮುಂದಕ್ಕೆ ಒಯ್ಯಲಾರ" ಎಂದವರು ತಿಳಿಯಲಾರದುದನ್ನು ತಿಳಿದಂತೆ ನುಡಿದರೆಂಬುದೇ ನನ್ನ ಆಕ್ಷೇಪಣೆಯಾಗಿರುವಾಗ, ಫಲವನ್ನು ನೋಡಿಕೊಂಡು ನಾನೂ ಅದೇ ಕೆಲಸ ಮಾಡಿದರೆ ಹೇಗೆ?

ಉಳಿಯುವುದು ಋಣದ ಮಾತು. ಋಣವಿದೆಯೆಂದು ಒಬ್ಬನನ್ನು ಒಂದು ಹುದ್ದೆಯಲ್ಲಿ ಸಾಯುವ ತನಕ ಕೂಡಿಸಬೇಕಾಗಿಲ್ಲ. ಅದು ಕ್ಲಬ್ಬಿಗೂ ಸಲ್ಲದು, ಅವನಿಗೂ ಮರ್ಯಾದೆಯಲ್ಲ. ಆದರೆ ಕಳುಹಿಸುವಾಗ ನಿಜವಾದ ಕಾರಣವನ್ನು ಹೇಳುವಷ್ಟಾದರೂ ಋಣ ಉಂಟಷ್ಟೆ? "ನಮಗೆ ಬೇಸರವಾಗಿದೆ. ಏಳೂ ಹನ್ನೊಂದೂ ಹದಿಮೂರೂ ನೋಡಿ ಸಾಕಾಗಿದೆ. ಸೋತರೂ ಚಿಂತೆಯಿಲ್ಲ, ಹೊಸದೊಂದು ಆಗಬೇಕು" ಎಂದು ಹೇಳಲಿ. ಬೇಸರ ಪಡುವುದು ಪಾಪವಲ್ಲ. ಹದಿನೈದು ವರ್ಷ ಒಂದೇ ಮುಖ ನೋಡಿದವರಿಗೆ ಬೇಸರ ಬಾರದೆ ಇರುತ್ತದೆಯೆ? ಹೀಗೆ ಹೇಳಿದಾಗ ಕೊರತೆ ಹೇಳುವವನದಾಗುತ್ತದೆ. "ಆತ ಮುಂದಕ್ಕೆ ಒಯ್ಯಲಾರ" ಎಂದಾಗ ಅದೇ ಬೇಸರ ವೇಷ ಬದಲಿಸಿ, ಇನ್ನೊಬ್ಬನ ಸಾಮರ್ಥ್ಯದ ಮೇಲಿನ ತೀರ್ಪಾಗಿ ಬಂದು ಕೂರುತ್ತದೆ. ಹೋಗುವವನು ಆ ತೀರ್ಪನ್ನು ಹೊತ್ತುಕೊಂಡೇ ಹೋಗಬೇಕು. ಮುಂದಿನ ಬಾಗಿಲು ತಟ್ಟಿದಾಗ ಅಲ್ಲಿಯವರೂ ಅದನ್ನು ಓದಿಯೇ ಇರುತ್ತಾರೆ.

ಕರ್ಬಿಷ್ಲಿಯವರಿಗೆ ಆ ಬಾಗಿಲೇನೋ ಬೇಗನೆ ತೆರೆಯಿತು. 2006ರ ಡಿಸೆಂಬರಿನಲ್ಲಿ ಲಂಡನ್ನಿನದೇ ಆದ ವೆಸ್ಟ್ ಹ್ಯಾಮ್ ಕ್ಲಬ್ಬಿನ ಮ್ಯಾನೇಜರಾಗಿ, 2007ರ ಫೆಬ್ರವರಿ 24ರಂದು ಆ ತಂಡವನ್ನು ಕರೆದುಕೊಂಡು ವ್ಯಾಲಿಗೆ ಬಂದರು. ತಾವು ಮರಳಿ ತಂದ ಮನೆಗೆ ಅತಿಥಿಯಾಗಿ. ಚಾರ್ಲ್ಟನ್ 4-0ಯಿಂದ ಗೆದ್ದಿತು. ಆ ಸಂಜೆಯ ಮಟ್ಟಿಗೆ ವಾದ ಮುಗಿದಂತೆಯೇ ಇತ್ತು. ಮೇ ತಿಂಗಳಲ್ಲಿ ಲೆಕ್ಕ ಮುಗಿದಾಗ ವೆಸ್ಟ್ ಹ್ಯಾಮ್ ಉಳಿದುಕೊಂಡಿತ್ತು, ಚಾರ್ಲ್ಟನ್ ಇಳಿದಿತ್ತು.