ದಂಡವು ಮುಗಿದ ಮೇಲೆ

ಅಪರಾಧಕ್ಕೆ ದಂಡವಿರುವುದು ಲೋಕದ ಸುಸ್ಥಿತಿಗೆ ಅವಶ್ಯಕ. ಆದರೆ ಆ ದಂಡಕ್ಕೆ ಕೊನೆಯೆಂಬುದು ಇರಬೇಡವೇ? ನ್ಯಾಯಾಲಯವು ಶಿಕ್ಷೆಯನ್ನು ವಿಧಿಸುವಾಗ ಅದರ ಮಿತಿಯನ್ನೂ ಹೇಳುತ್ತದೆ. ಸಮಾಜವು ವಿಧಿಸುವ ಶಿಕ್ಷೆಗೆ ಮಿತಿಯೇ ಇಲ್ಲ. ಸೆರೆಮನೆಯ ಬಾಗಿಲು ತೆರೆದರೂ ಊರ ಬಾಗಿಲು ಮುಚ್ಚಿದ್ದರೆ ಒಬ್ಬನು ಬಿಡುಗಡೆ ಹೊಂದಿದನೆಂದು ಹೇಳುವುದಾದರೂ ಹೇಗೆ? ಧರ್ಮಜಿಜ್ಞಾಸುಗಳು ನೆಮ್ಮದಿಯಿಂದ ವಿಚಾರಿಸತಕ್ಕ ಪ್ರಶ್ನೆಯಿದು.

ಹತ್ತು ಹದಿನಾಲ್ಕು ವರ್ಷ ಸೆರೆಯಲ್ಲಿದ್ದು ಊರಿಗೆ ಮರಳುವವನ ಸ್ಥಿತಿಯನ್ನು ಭಾವಿಸಿ ನೋಡಬೇಕು. ತಂದೆತಾಯಿಗಳು ಗತಿಸಿರುತ್ತಾರೆ, ತೊಟ್ಟಿಲಲ್ಲಿ ಬಿಟ್ಟುಹೋದ ಮಗು ಬೆಳೆದು ಮುಖದ ಗುರುತನ್ನು ಹಿಡಿಯದು, ಪಾಲಿನ ಹೊಲವನ್ನು ಬೇರೆಯವರು ಉಳುತ್ತಿರುತ್ತಾರೆ. ಇರಲು ಮನೆ, ಮಾಡಲು ಕೆಲಸ, ಎದುರುಗೊಳ್ಳಲು ಒಬ್ಬ ಮನುಷ್ಯ, ಈ ಮೂರೂ ಇಲ್ಲದವನನ್ನು ಮೊದಲು ಕರೆಯುವವರು ಹಳೆಯ ದುಷ್ಟಸಂಗದವರೇ. ಆಗ ಅವನು ಮತ್ತೆ ಕೆಟ್ಟರೆ ‘ಹುಟ್ಟುಗುಣ’ವೆಂದು ಊರು ಆಡಿಕೊಳ್ಳುತ್ತದೆ, ತಾನು ಮುಚ್ಚಿದ ಬಾಗಿಲನ್ನು ನೆನೆಯುವುದಿಲ್ಲ.

ವರ್ಣಕ್ಕೊಂದು ದಂಡವನ್ನು ಹೇಳುವ ಮನುಸ್ಮೃತಿಯೂ ಸಹ, ರಾಜದಂಡವನ್ನು ಅನುಭವಿಸಿದ ಪಾಪಿಯು ನಿರ್ಮಲನಾಗುವನೆಂದು ತನ್ನ 8ನೆಯ ಅಧ್ಯಾಯದಲ್ಲಿ ಒಪ್ಪುತ್ತದೆ. ಶರಣಪಥವಾದರೋ ಇನ್ನೂ ಮುಂದೆ ಸಾಗಿತು. 12ನೆಯ ಶತಮಾನದ ಕನ್ನದ ಮಾರಿತಂದೆಯು ಪೂರ್ವದಲ್ಲಿ ಗೋಡೆಗೆ ಕನ್ನವಿಕ್ಕುವ ಕಳ್ಳನಾಗಿದ್ದನೆಂದು ಪರಂಪರೆಯು ಹೇಳುತ್ತದೆ. ಶರಣರು ಅವನ ಹೆಸರಿನಿಂದ ‘ಕನ್ನ’ವನ್ನು ಅಳಿಸಲಿಲ್ಲ, ಅವನೂ ಅದನ್ನು ಮರೆಮಾಡಲಿಲ್ಲ. ಕನ್ನ, ಕತ್ತಲೆ, ಕಳವುಗಳನ್ನೇ ರೂಪಕವಾಗಿಸಿ ವಚನಗಳನ್ನು ನುಡಿದನು. ಇದರ ಮರ್ಮವೇನು? ಕಳೆದುದನ್ನು ಬಚ್ಚಿಡಬೇಕಾಗಿಲ್ಲ, ಆದರೆ ಅದು ಬಾಳಿಗೆ ಅಡ್ಡಗೋಡೆಯೂ ಆಗಬೇಕಾಗಿಲ್ಲ. ಶರಣಸಮೂಹದಲ್ಲಿ ಗುರುತಾಗಿ ಉಳಿದ ಆ ಹೆಸರೇ ನಮ್ಮ ಊರುಗಳಲ್ಲಿ ಸಂಕೋಲೆಯಾಗುತ್ತಿತ್ತಲ್ಲವೇ?

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ. ಕೊಂದವನನ್ನು ಕರೆದು ಕೂರಿಸಿದರೆ, ಮಗನನ್ನು ಕಳೆದುಕೊಂಡ ತಾಯಿಯ ಕಣ್ಣೀರಿಗೆ ಬೆಲೆಯೇನು? ಇದನ್ನು ಹಗುರವಾಗಿ ತಳ್ಳಿಹಾಕುವುದು ಧರ್ಮವಲ್ಲ. ಆದರೆ ಕ್ಷಮೆಯೇ ಬೇರೆ, ಕಾಯಕವೇ ಬೇರೆ. ಕ್ಷಮಿಸುವ ಅಧಿಕಾರ ನೊಂದವರದು. ಅವರ ಪರವಾಗಿ ಅದನ್ನು ದಾನಮಾಡಲು ಊರಿಗಾಗಲಿ ಮಠಕ್ಕಾಗಲಿ ಹಕ್ಕಿಲ್ಲ. ಆ ತಾಯಿಯ ಕಣ್ಣೆದುರಿಗೇ ಅವನನ್ನು ನಿಲ್ಲಿಸಬೇಕೆಂದೂ ಇಲ್ಲ. ಆದರೆ ದುಡಿದು ಉಣ್ಣುವ ಅವಕಾಶವನ್ನು, ಆ ಊರಲ್ಲದಿದ್ದರೆ ಬೇರೆಯೂರಿನಲ್ಲಾದರೂ, ಕಲ್ಪಿಸುವ ಹೊಣೆ ಸಮಾಜದ್ದು. 1998ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಸೆರೆಯಾಳುಗಳ ದುಡಿಮೆಗೆ ನ್ಯಾಯವಾದ ಕೂಲಿ ದೊರೆಯಬೇಕೆಂದೂ, ಅದರ ಒಂದು ಭಾಗವನ್ನು ನೊಂದವರ ಪರಿಹಾರಕ್ಕಾಗಿ ತೆಗೆದಿರಿಸುವ ಏರ್ಪಾಡಾಗಬೇಕೆಂದೂ ಸೂಚಿಸಿತು. ದುಡಿಮೆಯು ಅಪರಾಧಿಯನ್ನೂ ನೊಂದವರನ್ನೂ ಏಕಕಾಲದಲ್ಲಿ ಮುಟ್ಟಬಲ್ಲದೆಂಬ ವಿವೇಕ ಇದರಲ್ಲಿದೆ. ನಿರುದ್ಯೋಗಿಯಾಗಿ ಅಲೆಯುವವನಿಂದ ಯಾವ ತಾಯಿಗೆ ಯಾವ ಪರಿಹಾರ ಸಂದೀತು?

ಅಂಥವನನ್ನು ನಂಬುವುದು ಹೇಗೆಂದು ಕೇಳುವವರಿಗೆ ರಾಜಸ್ಥಾನದ ಸಾಂಗಾನೇರ್ ನಿದರ್ಶನವಾಗಿದೆ. ಅಲ್ಲಿ 1963ರಲ್ಲಿ ಸ್ಥಾಪಿತವಾದ ಬಯಲು ಬಂದೀಖಾನೆಯಲ್ಲಿ ಶಿಕ್ಷೆ ಇನ್ನೂ ಮುಗಿಯದ ಬಂದಿಗಳೇ ಹೆಂಡಿರು ಮಕ್ಕಳೊಡನೆ ಸಂಸಾರ ಹೂಡಿ, ಹಗಲು ಹೊರಗೆ ಹೋಗಿ ದುಡಿದು, ಹೊತ್ತಿಗೆ ಸರಿಯಾಗಿ ಮರಳುತ್ತಾರೆ. ಶಿಕ್ಷೆಯ ನಡುವೆಯೇ ಇಷ್ಟು ನಂಬಿಕೆ ಸಲ್ಲುವುದಾದರೆ, ಶಿಕ್ಷೆಯನ್ನು ತೀರಿಸಿ ಬಂದವನಿಗೆ ಅದು ಸಲ್ಲಬಾರದೇಕೆ? 2015ರಲ್ಲಿ ನೆಲ್ಸನ್ ಮಂಡೇಲರ ಹೆಸರಿನಿಂದ ವಿಶ್ವಸಂಸ್ಥೆಯು ಪರಿಷ್ಕರಿಸಿದ ನಿಯಮಗಳೂ ಬಂದಿಯ ಬಿಡುಗಡೆಯೊಡನೆ ಸಮಾಜದ ಕರ್ತವ್ಯವು ತೀರುವುದಿಲ್ಲವೆಂದೇ ಸಾರುತ್ತವೆ.

ಮಾಡತಕ್ಕುದು ಅಸಾಧ್ಯವಾದುದೇನಲ್ಲ. ಬಿಡುಗಡೆಯ ದಿನ ಬಾಗಿಲಲ್ಲಿ ಎದುರುಗೊಳ್ಳಲು ಇಬ್ಬರು ಹಿರಿಯರು, ಕೆಲವು ತಿಂಗಳು ತಂಗಲು ಒಂದು ಕೋಣೆ, ಪಡಿತರ ಚೀಟಿಯಲ್ಲಿ ಹೆಸರು ಸೇರಿಸಲು ಕಚೇರಿಗೆ ಜೊತೆಗೂಡುವ ಒಬ್ಬ ವಿದ್ಯಾವಂತ, ಕಲಿತ ಕಸುಬಿಗೆ ಒಂದು ಮಗ್ಗ ಅಥವಾ ಒಂದು ಉಳಿ ಸುತ್ತಿಗೆ; ಇಷ್ಟೇ. ಹಸಿದವನಿಗೆ ಅನ್ನವಿಕ್ಕುವುದು ದಾಸೋಹವೆಂಬುದನ್ನು ಎಲ್ಲರೂ ಬಲ್ಲರು. ತನ್ನ ಅನ್ನವನ್ನು ತಾನೇ ದುಡಿದು, ಅದರಲ್ಲಿ ಪರರಿಗೂ ಒಂದು ತುತ್ತನ್ನು ಎತ್ತಿಡುವ ಯೋಗ್ಯತೆಯನ್ನು ಅವನಿಗೆ ಮರಳಿಸುವುದೂ ದಾಸೋಹವೇ. ಒಬ್ಬನಿಗೆ ಕಾಯಕವನ್ನು ನಿರಾಕರಿಸಿ ಕಾಯಕತತ್ತ್ವವನ್ನು ಕೊಂಡಾಡುವ ನಾಲಗೆಯು ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳಲಿ.