ಜೊತೆಗೆ ಹುಟ್ಟಿದ ಬಣ್ಣ

ವೈಶಾಖದ ಲಗ್ನ. ಪಾಮನಕಲ್ಲೂರಿನ ಒಂದು ಮನೆಯ ಹಂದರದ ಕೆಳಗೆ ನೆಂಟರೆಲ್ಲ ಸೆರಗು, ಟವೆಲ್ಲು, ಲಗ್ನಪತ್ರಿಕೆ, ಕೈಗೆ ಸಿಕ್ಕಿದ್ದರಲ್ಲೇ ಗಾಳಿ ಬೀಸಿಕೊಳ್ಳುತ್ತ ಕೂತಿದ್ದರು. ನಮ್ಮ ರಾಯಚೂರು ಸೀಮೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ವಿಶೇಷವಲ್ಲ. ಒಳಕೋಣೆಯಲ್ಲಿ ಕಿಟಕಿ ಮುಚ್ಚಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಮದುಮಗಳ ಮೇಕಪ್ ನಡೆದಿತ್ತು. ಸಿಂಧನೂರಿನಿಂದ ಬಂದಿದ್ದ ಪಾರ್ಲರಿನ ಹುಡುಗಿ ಶ್ರದ್ಧೆಯಿಂದಲೇ ಕೆಲಸ ಮಾಡಿದ್ದಳು. ಒಳಗಿದ್ದಾಗ ಎಲ್ಲರೂ ‘ಚೆಂದ’ ಎಂದರು. ಮದುಮಗಳು ಹೊಸ್ತಿಲಿಗೆ ಬಂದು ಬಿಸಿಲಿನ ಬೆಳಕು ಮುಖದ ಮೇಲೆ ಬಿದ್ದಾಗ ಮಾತ್ರ ಅಜ್ಜಿ ಅವಳ ಕೈ ಹಿಡಿದು ನಿಲ್ಲಿಸಿದರು. “ಯವ್ವಾ, ಮುಖ ಒಬ್ಬರದು, ಕುತ್ತಿಗಿ ಒಬ್ಬರದು ಆದಂಗ ಆಗೇತಲ್ಲ!” ನಿಜವಾಗಿತ್ತು. ಮುಖ ಜೋಳದ ಹಿಟ್ಟಿನಷ್ಟು ಬೆಳ್ಳಗೆ. ಕಿವಿ, ಕುತ್ತಿಗೆ, ಕೈಗಳು ತಮ್ಮ ಎಂದಿನ ಎಣ್ಣೆಗೆಂಪಿನಲ್ಲಿ. ಪಾರ್ಲರಿನ ಹುಡುಗಿ ಬೇಸರಪಡಲಿಲ್ಲ. ಮದುಮಗಳನ್ನು ಪಡಸಾಲೆಯ ಬಾಗಿಲ ಬಳಿ ಕೂರಿಸಿ, ಹಚ್ಚಿದ್ದನ್ನೆಲ್ಲ ಒರೆಸಿ, ಬೇರೆ ಬಣ್ಣದ ಫೌಂಡೇಶನ್ ತೆಗೆದು, ಹಗಲಿನ ಬೆಳಕಿನಲ್ಲಿ ಹೊಸದಾಗಿ ಹಚ್ಚಿದಳು. ಈ ಸಲ ಮೊದಲಿನ ಕಾಲುಪಾಲೂ ಬೇಕಾಗಲಿಲ್ಲ. ಅಜ್ಜಿ ಮೊಮ್ಮಗಳ ಗಲ್ಲ ಹಿಡಿದು ನೋಡಿ, “ಈಗ ನಮ್ಮ ಹುಡುಗಿ ಕಂಡ್ಲು ನೋಡು” ಎಂದರು.

ನೆಲ ಸಾರಿಸಿ ಬಲ್ಲವರಿಗೆ ತೆಳ್ಳಗೆ ಹಚ್ಚುವ ಈ ವಿದ್ಯೆ ಹೊಸದಲ್ಲ. ಸಗಣಿಯ ಸಾರಣೆ ದಪ್ಪವಾದರೆ ಒಣಗಿದ ಮೇಲೆ ಬಿರುಕು ಬಿಟ್ಟು ಹೆಕ್ಕಳಿಕೆ ಏಳುತ್ತದೆ. ತೆಳ್ಳಗೆ ಎಳೆದ ಸಾರಣೆ ನೆಲವೇ ಆಗಿಬಿಡುತ್ತದೆ. ಫೌಂಡೇಶನ್ನಿನ ನಡತೆಯೂ ಇದೇ. ಅದರ ಬಣ್ಣಕ್ಕೆ ಮುಖ್ಯ ಸಾಮಗ್ರಿ ಬೆಳ್ಳಗಿನ ಟೈಟಾನಿಯಂ ಡೈಆಕ್ಸೈಡ್ ಮತ್ತು ಹಳದಿ, ಕೆಂಪು, ಕಪ್ಪು ಕಬ್ಬಿಣದ ಆಕ್ಸೈಡುಗಳು. ಗೋಡೆಗೆ ಬಳಿಯುವ ಕೆಮ್ಮಣ್ಣಿನ ಕೆಂಪೂ ಕಬ್ಬಿಣದ ಆಕ್ಸೈಡಿನದೇ. ಇವುಗಳ ಪ್ರಮಾಣ ಹೆಚ್ಚುಕಡಿಮೆ ಮಾಡಿ ಹತ್ತಾರು ಛಾಯೆ ತಯಾರಿಸುತ್ತಾರೆ. ಕೊಳ್ಳುವಾಗ ಮುಂಗೈಗೆ ಹಚ್ಚಿ ನೋಡಿದರೆ ಸಾಲದು, ಕೈಯ ಬಣ್ಣ ಬೇರೆ, ಮುಖದ ಬಣ್ಣ ಬೇರೆ. ಹತ್ತಿರಹತ್ತಿರದ ಎರಡು ಮೂರು ಛಾಯೆಗಳನ್ನು ದವಡೆಯ ಅಂಚಿನಲ್ಲಿ ಗೆರೆಯಂತೆ ಎಳೆದುಕೊಂಡು, ಅಂಗಡಿಯ ಹೊರಗೆ ಬಂದು ಹಗಲಿನಲ್ಲಿ ಕನ್ನಡಿ ನೋಡಬೇಕು. ಕೆಲವು ಛಾಯೆಗಳು ಸ್ವಲ್ಪ ಹೊತ್ತಿಗೆ ಕಂದುತ್ತವೆ, ಹಾಗಾಗಿ ಹತ್ತು ಹದಿನೈದು ನಿಮಿಷ ತಾಳಬೇಕು. ಆಮೇಲೆ ಯಾವ ಗೆರೆ ಕಣ್ಣಿಗೆ ಸಿಗದೆ ಮಾಯವಾಯಿತೋ ಅದೇ ನಮ್ಮದು. ಹಚ್ಚುವ ಕ್ರಮವೂ ಸುಲಭ. ಮುಖ ತೊಳೆದು, ತೇವ ಕೊಡುವ ಕ್ರೀಮು ಹಚ್ಚಿ, ಅದು ಚರ್ಮಕ್ಕೆ ಇಳಿಯುವವರೆಗೆ ಕಾಯುವುದು. ಹಣೆ, ಮೂಗು, ಎರಡು ಕೆನ್ನೆ, ಗದ್ದಕ್ಕೆ ಒಂದೊಂದು ಚಿಕ್ಕ ಬೊಟ್ಟು. ಒದ್ದೆ ಮಾಡಿ ಹಿಂಡಿದ ಸ್ಪಂಜಿನಿಂದ, ತಿಕ್ಕದೆ, ಮೆಲ್ಲಗೆ ತಟ್ಟುತ್ತ ನಡುವಿನಿಂದ ಅಂಚಿಗೆ ಒಯ್ಯುವುದು. ಕಲೆ ಇದ್ದಲ್ಲಿ ಮಾತ್ರ ಇನ್ನೊಂದು ಚೂರು. ಕಿವಿಯ ಬುಡ ಮತ್ತು ಕತ್ತಿನ ಹತ್ತಿರ ಗೆರೆ ಉಳಿಯದಂತೆ ಕರಗಿಸಿಬಿಡುವುದು. ಬೆವರು ಬಂದರೆ ಅದರ ಮೇಲೆಯೇ ಪೌಡರು ಬಳಿಯದೆ, ಮೊದಲು ಮೆತ್ತನೆಯ ಬಟ್ಟೆಯಿಂದ ಒತ್ತಿ ತೆಗೆಯುವುದು. ರಾತ್ರಿ ಎಷ್ಟೇ ದಣಿದಿದ್ದರೂ ಪೂರ್ತಿ ತೊಳೆದುಕೊಂಡೇ ಮಲಗುವುದು.

ದಪ್ಪ ಬಣ್ಣಕ್ಕೂ ಅದರದೇ ಜಾಗವಿದೆ. ನಮ್ಮ ಕಡೆಯ ಬಯಲಾಟದ ಚೌಕಿಯಲ್ಲಿ ಕೂತು ನೋಡಿದವರಿಗೆ ಗೊತ್ತು: ಅರದಳ, ಇಂಗಳೀಕ, ಸಫೇತ, ಕಾಡಿಗೆ ಎಲ್ಲ ಸೇರಿ ನಿನ್ನೆ ಹೊಲದಲ್ಲಿ ಕಂಡ ಮನುಷ್ಯ ಇಂದು ದುರ್ಯೋಧನನಾಗಿ ಎದ್ದು ನಿಲ್ಲುತ್ತಾನೆ. ದೂರದಲ್ಲಿ ಚಾಪೆ ಹಾಸಿ ಕೂತವರಿಗೂ ಅವನ ಕಣ್ಣು, ಹುಬ್ಬು ಕಾಣಬೇಕು, ಅದಕ್ಕೇ ಆ ದಪ್ಪ ಬಣ್ಣ. ಫೌಂಡೇಶನ್ನಿನ ಮೂಲವೂ ಇಂಥ ಬಣ್ಣದ ಕೋಣೆಯೇ. ಹಾಲಿವುಡ್ಡಿನಲ್ಲಿ ಮ್ಯಾಕ್ಸ್ ಫ್ಯಾಕ್ಟರ್ ಎಂಬಾತ ಚಿತ್ರನಟರ ಮುಖಕ್ಕೆಂದು ತಯಾರಿಸಿದ ಪ್ಯಾನ್‌ಕೇಕ್ 1930ರ ದಶಕದ ಕೊನೆಗೆ ಅಂಗಡಿಗೆ ಬಂದು, ಅಲ್ಲಿಂದ ಮನೆಮನೆಗೆ ಹೋಯಿತು. ಆದರೆ ಮನೆಯಲ್ಲಿ ನಮ್ಮ ಮುಖ ನೋಡುವವರು ಚಾಪೆಯ ಮೇಲೆ ದೂರ ಕೂತವರಲ್ಲ. ಪಕ್ಕದಲ್ಲಿ ಕೂತು ಊಟ ಬಡಿಸುವವರು, ಗಲ್ಲ ಹಿಡಿದು ಮಾತಾಡಿಸುವವರು. ಆಟದವರು ಬೇರೆಯವರಾಗಿ ಕಾಣಲೆಂದು ಬಣ್ಣ ಹಚ್ಚುತ್ತಾರೆ, ಮದುಮಗಳು ಕಾಣಬೇಕಾದದ್ದು ತಾನಾಗಿಯೇ. ಪಕ್ಕದ ಮಸ್ಕಿಯ ಬಂಡೆಗಲ್ಲೂ ಇದನ್ನೇ ಹೇಳುತ್ತದೆ ಎಂದು ನನಗೆ ಅನಿಸುವುದುಂಟು. ಎಷ್ಟೋ ಶಾಸನಗಳಲ್ಲಿ ಅಶೋಕ ಚಕ್ರವರ್ತಿ ಬರೀ ‘ದೇವಾನಾಂಪ್ರಿಯ’. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೂ ಇತ್ತು, ಅದರಿಂದಲೇ ಆ ಬಿರುದು ಯಾರದೆಂದು ಜಗತ್ತಿಗೆ ಖಚಿತವಾಯಿತು. ಅಲಂಕಾರ ಬಿರುದಿನಂತೆ. ಅದರ ಜೊತೆಗೆ ಹೆಸರೂ ಕಾಣುತ್ತಿರಬೇಕು.

ಮೇಕಪ್ ‘ಸಹಜ’ವಾಗಿರಬೇಕು ಎನ್ನುತ್ತೇವಲ್ಲ, ಆ ಸಂಸ್ಕೃತ ಪದವನ್ನು ಬಿಡಿಸಿ ನೋಡಿ. ಸಹ ಎಂದರೆ ಜೊತೆಗೆ, ಜ ಎಂದರೆ ಹುಟ್ಟಿದ್ದು. ಸಹಜವಾಗಿ ಕಾಣುವುದೆಂದರೆ ಜೊತೆಗೆ ಹುಟ್ಟಿದ ಬಣ್ಣದಲ್ಲಿ ಕಾಣುವುದು. ಮದುಮಗಳ ಮುಖಕ್ಕೆ ಮೊದಲ ಸಲ ಎರಡು ಮೂರು ಛಾಯೆ ಬಿಳಿಯದನ್ನು ಹಚ್ಚಿದ್ದು ಪಾರ್ಲರಿನ ಹುಡುಗಿಯೊಬ್ಬಳ ತಪ್ಪಲ್ಲ. “ಸ್ವಲ್ಪ ಬೆಳ್ಳಗೆ ಕಾಣೋ ಹಂಗ ಮಾಡವ್ವ” ಎಂದು ಹೇಳಿದವರು ಮನೆಯವರೇ. ಹೆಣ್ಣು ನೋಡಲು ಹೋದಾಗ ‘ಹುಡುಗಿ ಬಣ್ಣ ಸ್ವಲ್ಪ ಕಡಿಮೆ’ ಎನ್ನುವವರೂ ನಾವೇ. 1975ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬ ಮಾತನ್ನು ತೆಗೆದುಹಾಕಿತು. ನಮ್ಮ ಪಡಸಾಲೆಗಳಿಂದ ಆ ಮಾತು ಇನ್ನೂ ಹೋಗಿಲ್ಲ. ಅದರ ಬೆಲೆ ಮನಸ್ಸಿನ ನೋವಿಗೇ ನಿಲ್ಲುವುದಿಲ್ಲ: ಬೆಳ್ಳಗಾಗುವ ಆಸೆಗೆ ಕೊಳ್ಳುವ ಹೆಸರಿಲ್ಲದ ಕೆಲವು ಕ್ರೀಮುಗಳಲ್ಲಿ ಪಾದರಸವೋ ಸ್ಟೀರಾಯ್ಡೋ ಬೆರೆತಿರುತ್ತದೆ, ಸ್ಟೀರಾಯ್ಡು ಚರ್ಮವನ್ನು ತೆಳ್ಳಗೆ ಮಾಡಿದರೆ, ಪಾದರಸ ಮೂತ್ರಪಿಂಡವನ್ನೇ ಕೆಡಿಸುತ್ತದೆ. ಎರೆಭೂಮಿಯನ್ನು ಕಪ್ಪೆಂದು ಹಳಿದ ರೈತ ನಮ್ಮ ಸೀಮೆಯಲ್ಲಿಲ್ಲ, ಅದರಲ್ಲಿ ಬೆಳೆದ ಜೋಳವನ್ನೇ ಉಂಡು ಬೆಳೆದವರು ನಾವು. ಮನೆಯ ಹೆಣ್ಣುಮಗುವಿನ ಬಣ್ಣವನ್ನೂ ಅಷ್ಟೇ ಗೌರವದಿಂದ ನೋಡೋಣ. ಮುಂದಿನ ಲಗ್ನದಲ್ಲಿ ಮೇಕಪ್ಪಿಗೆ ಕೂರಿಸುವ ಮುನ್ನ ಕೋಣೆಯ ಕಿಟಕಿ ತೆರೆಯಿರಿ, ಬೆಳಕು ಒಳಗೆ ಬರಲಿ. ಪಾರ್ಲರಿನವರಿಗೆ ಹೇಳುವುದು ಒಂದೇ ಮಾತಿರಲಿ: “ನಮ್ಮ ಹುಡುಗಿ ನಮ್ಮ ಹುಡುಗಿಯಂಗ ಕಾಣಲಿ.”